ಕ್ರೇನಿನ ಮೇಲಿಂದ

ನಾಲ್ಕೇ ತಾಸಿಗೆ ಹಗಲು ಮುಗಿಯುವ ಈ ಊರಲ್ಲಿ
ನಾನು ಮನೆಗಳನ್ನು ಮೇಲಿಂದ ಕಟ್ಟುವವನು.
ರೇಕ್ಯಾವಿಕ್‌ನ ಅಂಚು. ಬೀದಿಗಳಿಗಿನ್ನೂ ಹೆಸರಿಲ್ಲ, ನಂಬರು.
ಬಸ್ಸಿಗಿಂತ ಮುಂಚೆ ಮಕ್ಕಳು ಬಂದರು,
ಆಟದ ಬಯಲಿಗಿಂತ ಮುಂಚೆ
ಗುಳಿಗೆ ಮಾರುವವ.

ಮೊದಲು ಕಂಡದ್ದು ನನಗೇ.
ಕಂಟೇನರಿನ ಹಿಂದೆ ಐದು ಟೋಪಿ,
ಕೈಯಿಂದ ಕೈಗೆ ದಾಟುವ ಏನೋ ಒಂದು.
ಒಂದು ಟೋಪಿ ಹಳದಿ,
ಗ್ದಾನ್ಸ್ಕ್‌ನಲ್ಲಿದ್ದಾಗ ನನ್ನ ಹೆಂಡತಿ ಹೆಣೆದದ್ದು.
ಹನ್ನೊಂದು ದಿನ ಬಾಯಿ ಬಿಡಲಿಲ್ಲ.
ತೊಲೆ ಎತ್ತಿದೆ, ತೊಲೆ ಇಳಿಸಿದೆ.

ಶುಕ್ರವಾರ ರಾತ್ರಿ ಹಲ್ಬೇರಾ ಬಾಗಿಲು ಬಡಿದಳು,
ಮೀನು ಕಾರ್ಖಾನೆಯವಳು, ಕೈಗೊಂದು ಮಿಂಚುವ ಅಂಗಿ ತುರುಕಿ:
"ನಡಿ, ಸುತ್ತಿ ಬರೋಣ.
ಬೈಯೋದು ಬೇಡ, ಕಾಣಿಸಿಕೊಂಡರೆ ಸಾಕು."
ಏಳು ಜನ. ಸ್ಟೇನಾರ್‌ಗೆ ಮಕ್ಕಳೇ ಇಲ್ಲ.
ನೀನ್ಯಾಕೆ ಬಂದೆ ಅಂದೆ.
"ಗೋಡೆಯಾಚೆ ಯಾರದೋ ಮಗು ಕೆಮ್ಮುತ್ತಲ್ಲ,
ನನಗೂ ಕೇಳುತ್ತೆ."

ಗಾಳಿ ಮುಖಕ್ಕೆ ಉಪ್ಪೆರಚಿತು.
ಕಂಟೇನರಿನ ಹಿಂದೆ ಯಾರೂ ಟಾರ್ಚು ಹಾಯಿಸಲಿಲ್ಲ.
ಹಲ್ಬೇರಾ ಫ್ಲಾಸ್ಕು ಬಿಚ್ಚಿದಳು. ಕೋಕೋದ ಹಬೆ.
ಯಾರೋ ಏನನ್ನೋ ಹಿಮಕ್ಕೆ ಬೀಳಿಸಿ ಬೂಟಿನಿಂದ ಒತ್ತಿದರು.
ಹಳದಿ ಟೋಪಿ ನನ್ನ ಕಡೆ ತಿರುಗಿ, ನಮ್ಮ ಭಾಷೆಯಲ್ಲಿ, ಮೆಲ್ಲಗೆ:
"ಅಪ್ಪ, ನಿನಗೆ ಗೊತ್ತಿತ್ತಾ?"

ಮೇಲಿಂದ ಎಲ್ಲ ಕಾಣುತ್ತೆ
ಅಂತ ಬೊಝೆನಾಗೆ ನಾನೇ ಹೇಳಿದ್ದೆ,
ಚಿಕ್ಕವಳಿದ್ದಾಗ, ಜಂಬದಿಂದ.

ಆಮೇಲೆ ಅವರು ಜಾಗ ಬದಲಿಸಿದರು.
ಬದಲಿಸಲಿ.
ಶುಕ್ರವಾರ ಬಂದರೆ ನಾನು ಇಳಿದು ನಡೆಯುತ್ತೇನೆ.
ನೆಲದಿಂದ ಅಷ್ಟು ದೂರ ಕಾಣುವುದಿಲ್ಲ;
ಹತ್ತಿರ ಹೋಗಬೇಕು.