ಕಂಡಿಕೆ ಹದಿನಾಲ್ಕು

ಆಕ್ಷೇಪಣೆ ನನ್ನದೇ, ಹಸಿರು ಶಾಯಿಯಲ್ಲಿ:
ಕೂಸಿನ ಮನೆ. ಸುಣ್ಣ ಬಣ್ಣ, ಜಮಖಾನ, ಆಟಿಕೆ,
ತೊಂಬತ್ತೊಂದು ಸಾವಿರದ ನಾನೂರು.
ಪಂಚಾಯ್ತಿಗೆ ಇದರಿಂದ ಬಂದ ಲಾಭ? ವಿವರಿಸಿ.

ವಿವರ ಬರಲಿಲ್ಲ. ಮದ್ದೂರಿನಿಂದ ನಾನೇ ಹೋದೆ.
ನಾಲೆ ಏರಿಯ ಪಕ್ಕ ಒಂದೇ ಕೋಣೆ,
ಹೊಸ್ತಿಲಾಚೆ ಗೇಣುದ್ದವೂ ಇಲ್ಲದ ಚಪ್ಪಲಿಗಳು,
ಪಕ್ಕಕ್ಕೆ ನನ್ನ ಬೂಟು.
ನಿಂಗಾಜಮ್ಮ ಕಡತ ತೆಗೆಯಲಿಲ್ಲ.
"ಕೂತ್ಕಳಿ ಸಾ, ಗಂಜಿ ಉಕ್ತಾ ಅದೆ."

ಮಣೆಯೆತ್ತರದ ಕುರ್ಚಿ.
ಕೂತೆ. ಮೊಣಕಾಲು ಗಲ್ಲಕ್ಕೆ ಬಂತು.

ಸೌಟು ಹಿಡಿದೇ ಹೇಳಿದರು:
"ಈ ಕೂಸಿನವ್ವ ಜಯಶೀಲ ಈಗ ಕೂಲಿಗೆ ಹೋಯ್ತಾಳೆ.
ಅಂಗ್ಡಿ ಸಾಲ ತೀರ್ತು,
ಹೊಲ್ಗೆ ಮಿಷಿನ್‌ಗೆ ಮುಂಗಡ ಕೊಟ್ಟವ್ಳೆ.
ಇದ ಸೊಂಟದ ಮ್ಯಾಲೆ ಹೊತ್ಕಂಡು ತಿರುಗ್ತಿದ್ದ ಅಕ್ಕ
ಮತ್ತೆ ಐದ್ನೇ ಕ್ಲಾಸಿಗೆ ಸೇರವ್ಳೆ.
ಅದ ಎಲ್ಲಿ ಬರ್ಕತೀರಿ?"

ನನ್ನ ನಮೂನೆಯಲ್ಲಿ ಅಕ್ಕನಿಗೆ ಕಾಲಂ ಇಲ್ಲ.
ನನ್ನ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ;
ಈ ಫಸಲು ಕೈಗೆ ಬರಲು
ಇನ್ನೂ ಇಪ್ಪತ್ತು ಮಾರ್ಚ್ ಬೇಕು.

ಜಮಖಾನದ ಮೇಲೆ ಧನ್ವಿಕ, ಮೂರು ವರ್ಷ,
ಬಾಟಲಿ ಮುಚ್ಚಳ ಎಣಿಸುತ್ತಿದ್ದಳು:
ಒಂದು, ಎರಡು, ಮೂರು, ಐದು.
ಚಾಳಿ, ತಡೆಯಲಾಗಲಿಲ್ಲ. "ನಾಲ್ಕು ಎಲ್ಲಿ?" ಅಂದೆ.
ನನ್ನನ್ನೊಮ್ಮೆ ನೋಡಿದಳು,
ಜಮಖಾನದ ಅಂಚೆತ್ತಿ ನೋಡಿದಳು,
ಆಮೇಲೆ ಬಗ್ಗಿ, ಎರಡೂ ಕೈಯಿಂದ,
ನನ್ನ ಪಾದವನ್ನು ಪಕ್ಕಕ್ಕೆ ಸರಿಸಿದಳು.

"ನಾಕು."

ಗಂಜಿ ನನಗೂ ಒಂದು ಲೋಟ ಬಂತು.
ಉಪ್ಪು ಕಮ್ಮಿ ಇತ್ತು.
ಬರೆಯಲಿಲ್ಲ.