ಒಂದು ಮಂಚ, ಎರಡು ಪಾಳಿ

ಕೋಡಿಬಾಗದಲ್ಲಿ ಬಾಡಿಗೆಗೆ ಕೋಣೆ ಕೇಳಿದರೆ
ಮೊದಲು ಹೆಸರು ಕೇಳುವುದಿಲ್ಲ, ಅಡ್ಡಹೆಸರು.
ಅದೊಂದು ಸಿಕ್ಕರೆ ಸಾಕು,
ಒಲೆಯ ಮೇಲೇನು, ಮೂಲೆಯ ದೇವರು ಯಾರು
ಎಲ್ಲ ತಿಳಿದ ಹಾಗೆ.
ನಾನು ಶಿಗ್ಗಾವಿಯವಳು. ಉಳ್ಳಾಗಡ್ಡಿ ಎಂದೆ.
‘ತರಕಾರಿ ಅಲ್ಲ, ಆಡನಾಂವ ಹೇಳು’ ಎಂದರು.

ಗಂಡ ಎಲ್ಲಿದ್ದಾನೆ?
ಹುಬ್ಬಳ್ಳಿಯಲ್ಲಿ.
ಯಾವಾಗ ಬರುತ್ತಾನೆ?
ಬರುವುದಿಲ್ಲ.
ಬಾಗಿಲನ್ನು ಎಷ್ಟು ಮೆಲ್ಲಗೆ ಹಾಕಿದರೂ
ಕಂಡಕ್ಟರಳ ಕಿವಿಗೆ ಅದು
‘ರೈಟ್’ ಎಂದೇ ಕೇಳಿಸುತ್ತದೆ.

ಏಳನೆಯ ಮನೆ ಬಾಂದೇಕರ ಬಾಯಿಯದು.
ಹಿತ್ತಲಲ್ಲಿ, ಮೊದಲು ಬಲೆ ತುಂಬಿಡುತ್ತಿದ್ದ ಕೋಣೆ.
ಗೋಡೆಗೆ ಕೈಯಿಟ್ಟರೆ ಬೆರಳಿಗೆ ಉಪ್ಪು.
ಒಂದು ಮಂಚ, ಒಂದು ಮೊಳೆ, ಬಾವಿಯ ನೀರು ಸ್ವಲ್ಪ ಸಪ್ಪೆ ಸ್ವಲ್ಪ ಸಮುದ್ರ.
ನಾಲ್ಕೂವರೆ ಸಾವಿರ.
‘ಒಬ್ಬಳಿಗೆ ಭಾರವಾದರೆ ಇನ್ನೊಬ್ಬಳನ್ನು ಹುಡುಕಿಕೋ’ ಎಂದಳು,
ಮಂಚದ ಮಾತು ಎತ್ತಲಿಲ್ಲ.

ಬಸ್ಸಿನಲ್ಲೇ ಕೇಳುತ್ತಾ ಹೋದೆ.
ಅಂಕೋಲೆಯ ಟಿಕೆಟ್ ಹರಿಯುತ್ತ, ಅರ್ಗಾದಲ್ಲಿ ಚಿಲ್ಲರೆ ಎಣಿಸುತ್ತ
ಯಾರಾದರೂ ಇದ್ದಾರೆಯೇ, ಹೆಂಗಸರು, ಅರ್ಧ ಬಾಡಿಗೆಗೆ.
ಕಿಟಕಿ ಬದಿಯ ಸೀಟಿನಿಂದ ಒಬ್ಬಳು ಕೈ ಎತ್ತಿದಳು,
ಇಳಿಯುವ ನಿಲ್ದಾಣ ಬಂತೆಂದು ಸೀಟಿ ಊದಿಬಿಟ್ಟೆ.

ರೋಜಿನ್ ಸಿದ್ದಿ. ಡಯಾಲಿಸಿಸ್ ವಾರ್ಡ್, ಗುತ್ತಿಗೆ ನರ್ಸ್,
ಊರು ಹಳಿಯಾಳದಾಚೆ.
ಹನ್ನೊಂದು ಕೋಣೆ ನೋಡಿದ್ದಳು.
ಫೋನಿನಲ್ಲಿ ಖಾಲಿಯಿದ್ದ ಕೋಣೆ
ಅವಳು ಹೊಸ್ತಿಲಿಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು.
‘ಅಯ್ಯೋ, ಈಗಷ್ಟೇ ಕೊಟ್ಟೆವಲ್ಲ.’
ಅವಳ ಅಡ್ಡಹೆಸರನ್ನು ಯಾರೂ ಕೇಳುವುದಿಲ್ಲ.
ಕೂದಲು ನೋಡುತ್ತಾರೆ.

ಬಾಂದೇಕರ ಬಾಯಿಯೂ ನೋಡಿದಳು, ಬಹಳ ಹೊತ್ತು.
‘ಬಂಗಡೆ ತಿಂತೀಯಾ?’
‘ಕೊಟ್ಟರೆ.’
‘ಹಾಗಾದ್ರೆ ಬಾ. ಈ ಉಳ್ಳಾಗಡ್ಡಿಗೆ ವಾಸನೆಯೂ ಆಗೋದಿಲ್ಲ.’
ಮೂವರೂ ನಕ್ಕೆವು.
ಮುಂಗಡ ಮಾತ್ರ ನನ್ನಿಂದ ಹತ್ತು, ಅವಳಿಂದ ಹದಿನೈದು.
ನಾನು ಸುಮ್ಮನಿದ್ದೆ.

ಬೆಳಗಿನ ಐದಕ್ಕೆ ನಾನು ಹೊರಡುತ್ತೇನೆ,
ಎಂಟೂವರೆಗೆ ಅವಳು ಬಂದು ಅದೇ ಮಂಚದಲ್ಲಿ ಮಲಗುತ್ತಾಳೆ.
ರಜೆ ಬಂದರೆ ಅವಳು ಅವಳ ಊರಿಗೆ, ನಾನು ನನ್ನ ಊರಿಗೆ.
ಏಳು ತಿಂಗಳು ಒಂದೇ ದಿಂಬು.
ಅವಳ ಎಣ್ಣೆಯ ವಾಸನೆ ಗೊತ್ತು, ದನಿ ಮರೆತುಹೋಗಿದೆ.
ಬಚ್ಚಲಿನ ಹಗ್ಗದಲ್ಲಿ ಅವಳ ಬಿಳಿ ಕೋಟು ಒಣಗುವಾಗ
ನನ್ನ ಖಾಕಿ ತೋಳು ಅದಕ್ಕೆ ತಾಗಿಕೊಂಡಿರುತ್ತದೆ.
ಲೆಕ್ಕವೆಲ್ಲ ಟಿಕೆಟಿನ ಬೆನ್ನಿಗೆ:
‘ಹಾಲು ೨೬ ನೀವು ಕೊಡಬೇಕು.’
‘ಗ್ಯಾಸ್ ಬುಕ್ ಮಾಡಿದೆ.’
‘ಬೆಕ್ಕು ಮರಿ ಹಾಕಿದೆ, ಮಂಚದ ಕೆಳಗೆ, ಹೆದರಬೇಡಿ.’

ನಮ್ಮ ಮುಷ್ಕರದ ದಿನ ಬಸ್ಸು ಹೊರಡಲಿಲ್ಲ.
ಎಂಟೂವರೆಗೆ ಬಾಗಿಲು ತೆರೆದವಳು
ತನ್ನ ಜಾಗದಲ್ಲಿ ನನ್ನನ್ನು ಕಂಡು
‘ಕ್ಷಮಿಸಿ’ ಎಂದು ಹೊರಗೇ ನಿಂತಳು,
ಬಾಗಿಲು ತಪ್ಪಿದವಳ ಹಾಗೆ, ಹನ್ನೆರಡನೆಯ ಸಲ.
ಎದ್ದೆ. ಎಲ್ಲಿ ಕೂರಬೇಕೆಂದು ಇಬ್ಬರಿಗೂ ತಿಳಿಯದು.
ಚಹಾ ಇಟ್ಟೆ. ಸಕ್ಕರೆ ಡಬ್ಬಿ ತುಂಬಿತ್ತು.
ಅವಳಿಗೆಂದು ನಾನು, ನನಗೆಂದು ಅವಳು
ತಿಂಗಳಿಗೊಮ್ಮೆ ತಂದದ್ದು.
ಇಬ್ಬರೂ ಸಕ್ಕರೆ ಹಾಕಿಕೊಳ್ಳುವುದಿಲ್ಲ.
ತಿಂದದ್ದು ಇರುವೆಗಳು.

ಅವಳು ಗೋಡೆಗೆ ಮುಖಮಾಡಿ ನಿದ್ದೆಹೋದಳು.
ನಾನು ಚೀಲದಿಂದ ಟಿಕೆಟೊಂದನ್ನು ತೆಗೆದು
ಹಿಂದೆ ಬರೆದೆ: ‘ಬಾಕಿ ೨೫೦೦. ಮುಂಗಡದ ಲೆಕ್ಕ.
ಆವತ್ತೇ ಹೇಳಬೇಕಿತ್ತು.’
ಆ ಕಾಗದದಲ್ಲಿ ಅಚ್ಚಾದದ್ದೆಲ್ಲ ಹದಿನೈದು ದಿನದಲ್ಲಿ ಮಾಸುತ್ತದೆ,
ಎಲ್ಲಿಂದ, ಎಲ್ಲಿಗೆ, ಎಷ್ಟು ಜನ.
ಪೆನ್ನಿನದು ಉಳಿಯುತ್ತದೆ.
ದಿಂಬಿನ ಕೆಳಗೆ ಅವಳ ಕಡೆ ಇಟ್ಟೆ.

ಆಮೇಲೆ ಹೊಳೆಯಿತು,
ಅವಳ ಕಡೆ ಯಾವುದೆಂದು
ನನಗೆ ಗೊತ್ತಿರುವುದು ಇವತ್ತೇ ಮೊದಲು.