ಏಳು

ಗ್ಲಾಸ್ಗೋ, ಡೆನಿಸ್ಟನ್; ಕೆಂಪು ಮರಳುಗಲ್ಲಿನ ಮೂರು ಮಹಡಿ.
ನಡುವಿನದು ನಮ್ಮದು.
ನಾಲ್ಕಕ್ಕೆ ಎದ್ದು ಐದಕ್ಕೆ ಬಸ್ಸು ತೆಗೆಯಬೇಕಾದವಳು ನಾನು;
ಹತ್ತಕ್ಕೆ ದಿಂಬಿಗೆ ತಲೆ ಕೊಟ್ಟರೆ
ಹತ್ತೂಕಾಲಿಗೆ ಮೇಲಿನವನು
ಅದೇ ತಲೆಯ ಮೇಲೆ ಮೆಣಸು ಅರೆಯಲು ಕೂರುತ್ತಾನೆ.

ಮಾತಿಗೆ ಹೇಳಿದ್ದಲ್ಲ ಇದು.
ಮೊದಲು ಧಪ್, ಧಪ್. ಆಮೇಲೆ ಏನೋ ಎಳೆದ ಸದ್ದು,
ಗೋಡೆಯಿಂದ ಗೋಡೆಗೆ, ಕೊರ್ರ್ ಎಂದು.
ಮತ್ತೆ ಧಪ್. ಆಮೇಲೊಂದು ಮೌನ.
ಆ ಮೌನವೇ ಘೋರ:
ಮುಗಿಯಿತೆಂದು ಮಗ್ಗುಲಾಗುವಷ್ಟರಲ್ಲಿ ಮತ್ತೆ ಮೊದಲಿಂದ.
ಬೀರು ಸರಿಸುತ್ತಾನೋ, ಹೆಣ ಎಳೆಯುತ್ತಾನೋ,
ದಿನಾ ಎಳೆಯುವಷ್ಟು ಹೆಣ ಎಲ್ಲಿಂದ ತರುತ್ತಾನೋ.
ನಮ್ಮ ಲೈಟಿನ ಬುರುಡೆ ಸಣ್ಣಗೆ ನಡುಗುತ್ತದೆ.

ಅರೆನಿದ್ದೆಯಲ್ಲಿ ಒಮ್ಮೆ ಸ್ಟಾಪನ್ನೇ ದಾಟಿಸಿಬಿಟ್ಟೆ;
ಹಿಂದಿನ ಸೀಟಿನ ಅಜ್ಜ ಗಂಟೆ ಒತ್ತಿ ಒತ್ತಿ
ಬೆರಳು ಸವೆಸಿಕೊಂಡ.

ಗುರುಸಿದ್ದ ಗೋಡೆ ಕಡೆ ತಿರುಗಿ ಅನ್ನುತ್ತಾನೆ,
"ಅಡ್ಜಸ್ಟ್ ಮಾಡ್ಕೊಳೇ."
ಮದುವೆಯಾದಾಗಿನಿಂದ ಇದೊಂದೇ ಔಷಧಿ,
ತಲೆನೋವಿಗೂ ಅದೇ, ಅವನ ಅಕ್ಕನಿಗೂ ಅದೇ.

ಕಸಬರಿಗೆಯ ಹಿಡಿಯಿಂದ ಚಾವಣಿ ಕುಟ್ಟಿದೆ.
ಸುಣ್ಣದ ಹಕ್ಕಳೆ ಎದ್ದು ನನ್ನ ಹಾಲಿನ ಲೋಟಕ್ಕೇ ಬಿತ್ತು.
ಆಮೇಲೆ ಪತ್ರ ಬರೆಯಲು ಕೂತೆ.
ಇಲ್ಲಿನವರ ಪತ್ರಕ್ಕೆ ಒಂದು ಪದ್ಧತಿಯಿದೆ:
ಕ್ಷಮಿಸಿ ಎಂದು ಶುರು, ಬಹುಶಃ ಎಂದು ಮುಂದೆ,
ತೊಂದರೆಯಿಲ್ಲದಿದ್ದರೆ, ಸಾಧ್ಯವಾದರೆ, ನಿಮಗೂ ಗೊತ್ತಿರಲಿಕ್ಕಿಲ್ಲ,
ಹೀಗೆ ಏಳು ಹತ್ತಿಯುಂಡೆಗಳ ನಡುವೆ
ಒಂದು ಸೂಜಿ ಇಟ್ಟು ಕಳಿಸುವುದು.
ಮೂರು ಸಲ ಬರೆದು ಹರಿದೆ.
ಹತ್ತಿ ಹೊಂದಲಿಲ್ಲ; ಬೈಗುಳ ಮಾತ್ರ ಬಂತು,
ಅದೂ ಕನ್ನಡದಲ್ಲಿ.

ಕೊನೆಗೊಂದು ರಾತ್ರಿ, ನೈಟಿ ಮೇಲೆ ಬಸ್ಸಿನ ಕೋಟು ತೊಟ್ಟು
ಹದಿನೆಂಟು ಮೆಟ್ಟಿಲು ಹತ್ತಿದೆ.
ಮೆಟ್ಟಿಲಿಗೊಂದು ಮಾತು ಮಸೆದೆ.
ಬಾಗಿಲು ತೆರೆದವನು ಫರ್ಗಸ್ ಮೆಕ್‌ಲೀಶ್,
ಪ್ಲಂಬರ್, ಆರಡಿ ಆಳು, ಬೋಳುತಲೆಯ ತುಂಬ ಬೆವರು,
ಕೈಯಲ್ಲಿ, ಸೊಂಟ ಹಿಡಿದಂತೆ, ಒಂದು ಮರದ ಕುರ್ಚಿ.

"ಮಗಳ ಮದುವೆ, ಆಗಸ್ಟಿನಲ್ಲಿ," ಅಂದ.
"ಎಲ್ಲರೂ ಕುಣಿಯಬೇಕು. ನನಗೆ ಬರುವುದಿಲ್ಲ."
ಎಂಟರ ಎಣಿಕೆಯಂತೆ. ಆರರ ತನಕ ಸರಿ ಹೋಗುತ್ತಾನಂತೆ,
ಏಳಕ್ಕೆ ತಿರುಗಬೇಕು, ಅಲ್ಲಿ ಕಾಲಿಗೆ ಕಾಲು ಸಿಕ್ಕಿ
ಕುರ್ಚಿ ಸಮೇತ ಗೋಡೆಗೆ.
ಕುರ್ಚಿ ಯಾಕೆಂದು ನಾನು ಕೇಳಲಿಲ್ಲ.
ಗೂಟದಲ್ಲಿ ಒಂದೇ ಕೋಟು ತೂಗುತ್ತಿತ್ತು.

ಮಸೆದ ಮಾತುಗಳು ಎಲ್ಲಿ ಹೋದವೋ.
ಕೆಳಗಿಳಿದು, ಮತ್ತೆ ಹತ್ತಿ,
ಜೋಡಿ ಕಳೆದುಕೊಂಡ ನಾಲ್ಕು ಕಾಲುಚೀಲ ಕೊಟ್ಟೆ, ಗುರುಸಿದ್ದನವು.
ಒಂದು ನೀಲಿ, ಎರಡು ಬೂದು, ಇನ್ನೊಂದರ ಹೆಬ್ಬೆರಳು ತೂತು.
ಮೆಕ್‌ಲೀಶ್ ನೆಲಕ್ಕೆ ಕೂತು,
ಮದುಮಗಳಿಗೆ ಕಾಲುಂಗುರ ತೊಡಿಸುವಷ್ಟು ಜೋಪಾನವಾಗಿ,
ಕುರ್ಚಿಯ ಒಂದೊಂದು ಕಾಲಿಗೂ ತೊಡಿಸಿದ.

ಮುಂದಿನ ಶನಿವಾರ ನಮ್ಮ ಬಾಗಿಲಡಿ ಒಂದು ಲಕೋಟೆ,
ಕೆಳಮನೆಯ ಮಿಸೆಸ್ ಬೇರ್ಡ್ ಅವರದು.
ಕ್ಷಮಿಸಿ. ಬಹುಶಃ. ನಿಮಗೂ ಗೊತ್ತಿರಲಿಕ್ಕಿಲ್ಲ.
ಎಣಿಸಿದೆ, ಹತ್ತಿಯುಂಡೆ ಲೆಕ್ಕಕ್ಕೆ ಸರಿಯಾಗಿದ್ದವು.
ಸೂಜಿ ಕೊನೆಯ ಸಾಲಿನಲ್ಲಿತ್ತು:
ಶುಕ್ರವಾರ ರಾತ್ರಿ ನೀವು ಮನೆಯೊಳಗೆ
ಬಂಡೆ ಉರುಳಿಸುತ್ತೀರೋ ಹೇಗೆ?

ದೋಸೆ ಹಿಟ್ಟಿನ ಗ್ರೈಂಡರಿನ ಕೆಳಗೆ
ಈಗ ನಾಲ್ಕು ಮಡಿಕೆಯ ಜಮಖಾನ.
ಕಾಲುಚೀಲ ಉಳಿದಿರಲಿಲ್ಲ.

ಮೇಲಿನವನು ಇನ್ನೂ ಮೆಣಸು ಅರೆಯುತ್ತಾನೆ, ಮೆತ್ತಗೆ.
ಕೆಳಗೆ ದಿಂಬಿನ ಮೇಲೆ ನಾನೂ ಎಣಿಸುತ್ತೇನೆ.
ನಾಲ್ಕು. ಐದು. ಆರು.
ಬೀಳಬೇಡವೋ ಮಹಾರಾಯ.
ಧಪ್.
ಮತ್ತೆ ಮೊದಲಿಂದ, ಒಂದು.
ಎಲ್ಲೋ ನಡುವೆ ನಿದ್ದೆ ಹತ್ತಿರಬೇಕು,
ಕತ್ತಲಲ್ಲಿ ಗುರುಸಿದ್ದ ಭುಜ ಅಲುಗಿಸುತ್ತಾನೆ:
"ನಾಲ್ಕಾಯ್ತು. ಏಳು."

ದಾಟಿದನೇ, ಎನ್ನುತ್ತೇನೆ, ಕಣ್ಣು ಬಿಡದೆ.